ಗುಡ್ಡೆಯ ಮುಳಿ ಯಾವ ಹುಲ್ಲು? ಕಾಪಾಡಿದ ಕಡೆಯೇ ಯಾಕೆ ಸಾಯುತ್ತಿದೆ?

ಗುಡ್ಡೆಮನೆ, ಬಾಯಾರು
ಡಿಸೆಂಬರ್ 8

ನಮಸ್ಕಾರ. ನಮ್ಮ ಮನೆ ಕಾಸರಗೋಡು ಜಿಲ್ಲೆಯ ಬಾಯಾರಿನ ಹತ್ತಿರ. ಜಗಲಿಯಲ್ಲಿ ನಿಂತರೆ ಪೊಸಡಿ ಗುಂಪೆ ಬೆಟ್ಟ ಎದುರಿಗೆ ಕಾಣುತ್ತದೆ. ಕೆಳಗೆ ಅಡಿಕೆ ತೋಟ, ಮೇಲೆ ಎರಡು ಎಕರೆ ಬೋಳು ಗುಡ್ಡೆ. ಸುತ್ತಲಿನ ಗುಡ್ಡೆಗಳೆಲ್ಲ ಗೇರು, ರಬ್ಬರು ಆಗಿವೆ. ಅಪ್ಪ ಮಾತ್ರ ನಮ್ಮದನ್ನು ಹಾಗೇ ಬಿಟ್ಟರು. "ಅದು ಮುಳಿಗೆ ಇರಲಿ" ಅನ್ನುತ್ತಿದ್ದರು. ಮುಳಿ ಅಂದರೆ ಮಾಡಿಗೆ (ಛಾವಣಿಗೆ) ಹೊದೆಸುವ ಹುಲ್ಲು. ದನದ ಹಟ್ಟಿಗೆ ತಗಡಿನ ಶೀಟು ಹಾಕಿ 25 ವರ್ಷ ಆಯಿತು. ಅಂದಿನಿಂದ ಯಾರೂ ಮುಳಿ ಕೊಯ್ದಿಲ್ಲ. ಆದರೂ ಅಪ್ಪ ಆ ಗುಡ್ಡೆಗೆ ಒಂದು ಗುದ್ದಲಿ ಏಟು ಬೀಳಲು ಬಿಡಲಿಲ್ಲ. ಹೋದ ವರ್ಷ ಅವರು ತೀರಿಕೊಂಡರು. ಈಗ ಗುಡ್ಡೆಯ ಜವಾಬ್ದಾರಿ ನನ್ನದು.

ಹಟ್ಟಿಯ ಮಾಡಿಗೆ ಮತ್ತೆ ಮುಳಿ ಹೊದೆಸಬೇಕು ಅಂತ ನನ್ನ ಆಸೆ. ಮಾರ್ಚಿನ ಮಧ್ಯಾಹ್ನ ಆ ಶೀಟಿನ ಅಡಿಯಲ್ಲಿ ಐದು ನಿಮಿಷ ನಿಲ್ಲಲಿಕ್ಕೆ ಆಗುವುದಿಲ್ಲ. ನಾಲ್ಕು ದನಗಳಿವೆ. ಬಾಯಿ ತೆರೆದು ಏದುಸಿರು ಬಿಡುತ್ತವೆ. ಹಾಲು ಕರೆಯಲು ಹೋದ ಹೆಂಡತಿ ಬೆವರಿನಲ್ಲಿ ಮಿಂದು ಬರುತ್ತಾಳೆ. ಮುಳಿಯ ಹಟ್ಟಿ ಹೇಗಿತ್ತು ಅಂತ ನನಗೆ ಚೆನ್ನಾಗಿ ನೆನಪಿದೆ. ಹೊರಗೆ ಎಂಥ ಬಿಸಿಲಿದ್ದರೂ ಒಳಗೆ ಕಾಲಿಟ್ಟರೆ ಬೆನ್ನು ತಣ್ಣಗಾಗುತ್ತಿತ್ತು.

ಆದರೆ ಇಡೀ ಮಾಡಿಗೆ ಸಾಕಾಗುವಷ್ಟು ಮುಳಿ ಈಗ ಗುಡ್ಡೆಯಲ್ಲಿ ಇಲ್ಲ. ಇದೇ ನನಗೆ ಅರ್ಥವಾಗದ ಸಂಗತಿ. ಕತ್ತಿ ತಾಗಿಸದೆ, ದನ ಬಿಡದೆ ಇಷ್ಟು ವರ್ಷ ಕಾಪಾಡಿದ ಜಾಗ. ಹುಲ್ಲು ಜಾಸ್ತಿ ಆಗಬೇಕಿತ್ತು, ಅಲ್ವಾ? ಗುಡ್ಡೆಯ ನೆತ್ತಿಯಲ್ಲಿ ನೋಡಿದರೆ ಒಂದೊಂದು ಬುಡವೂ ನಡುವೆ ಸತ್ತು ಬೂದು ಬಣ್ಣಕ್ಕೆ ತಿರುಗಿದೆ. ಸುತ್ತ ಬಳೆಯ ಹಾಗೆ ನಾಲ್ಕು ಜೀವಂತ ಗರಿ. ಎಡೆಯಲ್ಲೆಲ್ಲ ಕಮ್ಯುನಿಸ್ಟ್ ಗಿಡ ಅನ್ನುವ ಕಳೆ ಎದ್ದಿದೆ. ರಸ್ತೆ ಬದಿಯ ತುಂಡಿಗೆ ಎರಡು ವರ್ಷದ ಹಿಂದೆ ಯಾರೋ ಎಸೆದ ಬೀಡಿಯಿಂದ ಬೆಂಕಿ ಹಿಡಿದಿತ್ತು. ಎಲ್ಲ ಸುಟ್ಟು ಕರಿ ಆಗಿತ್ತು. ಈಗ ಅಲ್ಲಿ ಮುಳಿ ಸೊಂಟದೆತ್ತರ, ಕಾಲಿಡಲು ಜಾಗ ಇಲ್ಲದಷ್ಟು ದಟ್ಟ. ಸುಟ್ಟ ಕಡೆ ಬದುಕುವುದು, ಕಾಪಾಡಿದ ಕಡೆ ಸಾಯುವುದು ಯಾಕೆ?

ಬೀಜವನ್ನೂ ಹಾಕಿ ನೋಡಿದೆ. ಹೋದ ಡಿಸೆಂಬರಿನಲ್ಲಿ ಒಂದು ಗೋಣಿ ತೆನೆ ಕೊಯ್ದು ಇಟ್ಟಿದ್ದೆ. ಜೂನಿನ ಮೊದಲ ಮಳೆಗೆ ಅರ್ಧ ಗೋಣಿಯನ್ನು ಖಾಲಿ ಜಾಗದಲ್ಲಿ ಬಿತ್ತಿದೆ. ತುಳು ತಿಂಗಳು ಆಟಿ ಕಳೆದು ಸೋಣ (ಆಗಸ್ಟ್ ನಡು) ಬಂದರೂ ಮುಳಿಯ ಒಂದು ಮೊಳಕೆಯೂ ಏಳಲಿಲ್ಲ.

ಹುಲ್ಲಿನ ಚಹರೆ ಹೇಳುತ್ತೇನೆ. ಮಳೆಗಾಲದಲ್ಲಿ ಗರಿ ಹಸಿರು. ಈಗ ಧನು ತಿಂಗಳು ಹತ್ತಿರ ಬರುವಾಗ ಗರಿ, ದಂಟು ಎಲ್ಲ ಕೆಂಪಾಗುತ್ತಿದೆ. ಸಂಜೆ ಬಿಸಿಲಿಗೆ ಗುಡ್ಡೆ ತಾಮ್ರದ ಹಂಡೆಯ ಹಾಗೆ ಹೊಳೆಯುತ್ತದೆ. ತೆನೆ ಗೊಂಚಲು ಗೊಂಚಲಾಗಿ ಬಾಗಿ ತೂಗುತ್ತದೆ. ಗೊಂಚಲಿನಿಂದ ಕಂದು ಬಣ್ಣದ ಬಾಲ ಹೊರಗೆ ಚಾಚಿದೆ. ಮುಂಡಿಗೆ ಹಿಡಿದರೆ ಬಿಡಿಸಲಿಕ್ಕೆ ಅರ್ಧ ಗಂಟೆ ಬೇಕು. ಜೊತೆಗೆ ಇನ್ನೊಂದು ಬಗೆಯೂ ಇದೆ. ಅದರದ್ದು ಒಂಟಿ ತೆನೆ. ಬಾಲಗಳು ಕಪ್ಪು, ಒಂದಕ್ಕೊಂದು ಹೆಣೆದು ಜಡೆ ಹಾಕಿದ ಹಾಗೆ. ಫೋನಿನ ಆ್ಯಪಿಗೆ ಮೂರು ಸಲ ಫೋಟೋ ತೋರಿಸಿದೆ. ಮೂರು ಸಲವೂ ಬೇರೆ ಬೇರೆ ಹೆಸರು ಬಂತು.

ಕಲ್ಲಿನ ಕೋರೆಯವರು ಗುಡ್ಡೆ ಕೊಡುತ್ತೀರಾ ಅಂತ ಎರಡು ಸಲ ಕೇಳಿ ಹೋಗಿದ್ದಾರೆ. ಗುಡ್ಡೆಯ ಬುಡದಲ್ಲಿ ನೀರಿಗಾಗಿ ಅಡ್ಡಕ್ಕೆ ಕೊರೆದ ನಮ್ಮ ಸುರಂಗ ಇದೆ. ಕುಡಿಯುವುದು ಅದರ ನೀರನ್ನೇ. ಹಾಗಾಗಿ ಕೊಡುವ ಮಾತಿಲ್ಲ. ಆದರೆ ಉಳಿಸಿಕೊಂಡ ಮೇಲೆ ಅದನ್ನು ಹೇಗೆ ನೋಡಿಕೊಳ್ಳಬೇಕು ಅಂತ ನನಗೆ ತಿಳಿಯಬೇಕು. ಗೊತ್ತಿರುವವರು ದಯವಿಟ್ಟು ಹೇಳಿ.


ನೀರ್ಚಾಲಿನ ಅಕ್ಕ
ಡಿಸೆಂಬರ್ 8

ತಮ್ಮಾ, ಮುಳಿ ಅನ್ನುವ ಮಾತು ಕೇಳಿ ಎಷ್ಟು ವರ್ಷ ಆಯಿತು! ನನಗೆ ಈಗ 68. ಹುಟ್ಟಿದ ಮನೆಗೂ ಮುಳಿಯ ಮಾಡು, ಮದುವೆಯಾಗಿ ಬಂದ ಮನೆಗೂ ಮುಳಿಯ ಮಾಡು. ಗಿಡದ ಶಾಸ್ತ್ರ ನನಗೆ ಗೊತ್ತಿಲ್ಲ. ಕೊಯ್ದ ಕೈಗೆ ಗೊತ್ತಿರುವುದನ್ನು ಹೇಳುತ್ತೇನೆ.

ನೀವು ಬಾಲ ಅಂದದ್ದಕ್ಕೆ ನಾವು ಊಬು ಅನ್ನುತ್ತೇವೆ. ಊಬು ಉದುರುವ ಮೊದಲು ನಾವು ಕೊಯ್ಯುತ್ತಿರಲಿಲ್ಲ. "ಮೊದಲು ಗುಡ್ಡೆಯ ಪಾಲು ಗುಡ್ಡೆಗೆ ಬೀಳಲಿ" ಅಂತ ಅತ್ತೆ ತಡೆಯುತ್ತಿದ್ದರು. ಮಕರ ಸಂಕ್ರಮಣದ ಆಚೆ ಈಚೆ ಕೊಯ್ಲು. ಬೆಳಗ್ಗೆ ಇಬ್ಬನಿ ಇರುವಾಗಲೇ ಹೋಗಬೇಕು. ಬಿಸಿಲು ಏರಿದರೆ ದಂಟು ಮುರಿಯುತ್ತದೆ, ಮೈಯೆಲ್ಲ ತುರಿಸುತ್ತದೆ. ನೆಲದಿಂದ ನಾಲ್ಕು ಬೆರಳು ಬಿಟ್ಟು ಕತ್ತಿ ಹಾಕುವುದು. ಬುಡ ಕಿತ್ತು ಬಂದರೆ ಬೈಗುಳ ಗ್ಯಾರಂಟಿ. ಕೊಯ್ದದ್ದನ್ನು ನೆಲಕ್ಕೆ ಕುಟ್ಟಿ ಬುಡ ಸಮ ಮಾಡಬೇಕು. ತಲೆ ಬಾಚಿದ ಹಾಗೆ ಬೆರಳಲ್ಲಿ ಎಳೆದರೆ ಒಣ ಗರಿ, ಕಸ ಎಲ್ಲ ಉದುರುತ್ತದೆ. ಆಮೇಲೆ ಸೂಡಿ (ಕಟ್ಟು) ಕಟ್ಟುವುದು. ಕಟ್ಟಲಿಕ್ಕೆ ಬಳ್ಳಿ ಹುಡುಕಬೇಕಾಗಿಲ್ಲ, ಮುಳಿಯನ್ನೇ ತಿರುಚಿದರೆ ಹಗ್ಗ.

ಶೀಟಿನ ಮೇಲೆ ಸುಮ್ನೆ ಹಾಸಬೇಡಿ. ಅಡಿಯಲ್ಲಿ ಗಾಳಿ ಆಡದಿದ್ದರೆ ಒಂದೇ ಮಳೆಗಾಲಕ್ಕೆ ಕೊಳೆಯುತ್ತದೆ. ಅಡಿಕೆ ಮರದ ಸಲಾಕೆ ಕಟ್ಟಿ, ಸೂರಿನ ಅಂಚಿನಿಂದ ಶುರು ಮಾಡಿ ಮೇಲಕ್ಕೆ ಹೊದೆಸುತ್ತಾ ಹೋಗಬೇಕು. ಮಾಡು ಕಡಿದಾಗಿರಬೇಕು, ನೀರು ನಿಲ್ಲದೆ ಜಾರಬೇಕು. ಅಡಿಗೆಮನೆಯ ಮೇಲಿನ ಮುಳಿ ಹೊಗೆ ಕುಡಿದು ಜಾಸ್ತಿ ಬಾಳುತ್ತಿತ್ತು. ಹಟ್ಟಿಯದ್ದನ್ನು ಎರಡು ವರ್ಷಕ್ಕೊಮ್ಮೆ ಬದಲಿಸುತ್ತಿದ್ದೆವು.

ನಮ್ಮಲ್ಲಿ ಕೆಂಪು ಮುಳಿಗೇ ಬೆಲೆ. ಜಡೆ ಊಬಿನದ್ದು ಗಿಡ್ಡ. ಹಟ್ಟಿಯ ಬದಿಗೆ ತಟ್ಟಿ ಕಟ್ಟಲಿಕ್ಕೆ ಸಾಕು. ನಿಂಬೆ ಪರಿಮಳದ ಮಜ್ಜಿಗೆ ಹುಲ್ಲು ಎಡೆಯಲ್ಲಿ ಸೇರಿ ಬಂದರೆ ಮಕ್ಕಳು ಪರಿಮಳ ಹಿಡಿದು ಆರಿಸಿ ತೆಗೆಯುತ್ತಿದ್ದರು.

ನೀವು ಕೇಳಿದ ಮುಖ್ಯ ಮಾತಿಗೆ ನನ್ನ ಅನುಭವ ಇಷ್ಟು: ಕೊಯ್ದ ಗುಡ್ಡೆಯಲ್ಲಿ ಮರುವರ್ಷ ಮುಳಿ ಕಡಿಮೆ ಬಂದದ್ದನ್ನು ನಾನು ನೋಡಿಲ್ಲ. ಕೈ ತಲುಪದೆ ಬಿಟ್ಟ ಮೂಲೆಯಲ್ಲೇ ಅದು ಸೊರಗುತ್ತಿತ್ತು. ಯಾಕೆ ಅಂತ ಆಗ ಯಾರನ್ನೂ ಕೇಳಲಿಲ್ಲ. ಈಗ ನನಗೂ ತಿಳಿಯಬೇಕು ಅನ್ನಿಸುತ್ತಿದೆ.


ನಿವೃತ್ತ ಮಾಸ್ಟ್ರು, ಕುಂಬಳೆ
ಡಿಸೆಂಬರ್ 9

ನಾನು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿದವನು. ಹುಲ್ಲು ನನಗೆ ಬಹಳ ಇಷ್ಟದ ವಿಷಯ. ನಿಮ್ಮ ವಿವರಣೆ ಓದಿ ಒಂದು ಹೆಸರು ಮನಸ್ಸಿಗೆ ಬಂದಿದೆ. ಆದರೆ ಈಗಲೇ ಹೇಳುವುದಿಲ್ಲ. ಹೇಳಿದರೆ ನೀವು ಅದನ್ನೇ ನೋಡುತ್ತೀರಿ. ಮೊದಲು ಕೆಲವು ಸಂಗತಿ ನೀವೇ ನೋಡಿ ಬರೆಯಿರಿ.

ಹುಲ್ಲಿಗೆ ಬಣ್ಣದ ಹೂವಿಲ್ಲ, ಅಗಲ ಎಲೆಯಿಲ್ಲ. ಅದರ ಗುರುತೆಲ್ಲ ಉಗುರಿನಷ್ಟು ಜಾಗದಲ್ಲಿ ಅಡಗಿದೆ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೆನ್ಸ್ ಬೇಕು. ಆ್ಯಪ್ ಸೋತದ್ದು ಇದೇ ಕಾರಣಕ್ಕೆ. ದೂರದಿಂದ ತೆಗೆದ ಫೋಟೋದಲ್ಲಿ ನೂರು ಹುಲ್ಲು ಒಂದೇ ಥರ ಕಾಣುತ್ತವೆ.

ಬುಡದಿಂದ ಶುರು ಮಾಡಿ. ಅಂಚಿನ ಒಂದು ಸಣ್ಣ ಬುಡವನ್ನು ಬೇರು ಸಮೇತ ಅಗೆಯಿರಿ. ಶುಂಠಿಯ ಹಾಗೆ ಮಣ್ಣಿನೊಳಗೆ ಅಡ್ಡ ಹರಿಯುವ ಗಡ್ಡೆ ಇದೆಯಾ, ಅಥವಾ ಎಲ್ಲ ತೆಂಡೆಗಳು (ಬುಡದಿಂದ ಏಳುವ ಕವಲುಗಳು) ಒಂದೇ ಕಡೆ ಒತ್ತೊತ್ತಾಗಿ ಎದ್ದಿವೆಯಾ ನೋಡಿ. ದಂಟಿನ ಬುಡವನ್ನು ಎರಡು ಬೆರಳಲ್ಲಿ ಹಿಡಿದು ಉರುಳಿಸಿ. ದುಂಡಗೆ ಉರುಳುತ್ತದಾ, ಚಪ್ಪಟೆಯಾಗಿ ಸಿಗುತ್ತದಾ? ದಂಟಿನಲ್ಲಿ ಗೆಣ್ಣು ಇರಬೇಕು. ಗೆಣ್ಣಿಲ್ಲದೆ ಮೂರು ಮೂಲೆಯ ದಂಟಿದ್ದರೆ ಅದು ಹುಲ್ಲೇ ಅಲ್ಲ, ತುಂಗೆಯ ಬಳಗ. ಆಮೇಲೆ ಗರಿಯನ್ನು ದಂಟಿನಿಂದ ಮೆಲ್ಲಗೆ ಹಿಂದಕ್ಕೆ ಬಾಗಿಸಿ. ಗರಿಯೂ ದಂಟನ್ನು ಸುತ್ತಿದ ಕವಚವೂ ಸೇರುವ ಒಳಮೂಲೆಯಲ್ಲಿ ಒಂದು ಸಣ್ಣ ಪೊರೆ ಇರುತ್ತದೆ. ಅದಕ್ಕೆ ನಾಲಗೆ ಅನ್ನುತ್ತೇವೆ. ಎಷ್ಟು ಉದ್ದ, ಅಂಚು ಹೇಗಿದೆ ಬರೆಯಿರಿ. ಗರಿಯನ್ನು ತಿಕ್ಕಿ ಮೂಸಿ ನೋಡಲು ಮರೆಯಬೇಡಿ. ನಿಂಬೆಯ ಪರಿಮಳ ಬಂದರೆ ನಾವು ಬೇರೆ ದಾರಿ ಹಿಡಿಯಬೇಕು.

ಮುಖ್ಯವಾದದ್ದು ತೆನೆ. ಕೆಂಪು ಮುಳಿಯ ಒಂದು ಗೊಂಚಲನ್ನು ಬಿಳಿ ಕಾಗದದ ಮೇಲೆ ಸೂಜಿಯಿಂದ ಬಿಡಿಸಿ. ಹೊರಗೆ ಸುತ್ತುವರಿದು ನಿಂತ ಕಿರುತೆನೆಗಳು ಎಷ್ಟು? ಅವು ಒಂದೇ ಮಟ್ಟದಿಂದ ಹೊರಟಿವೆಯಾ? ಊಬು ಯಾವುದಕ್ಕಿದೆ? ಕೊನೆಗೆ, ಒಣಗಿದ ಒಂದು ಊಬನ್ನು ಒದ್ದೆ ಅಂಗೈ ಮೇಲೆ ಇಟ್ಟು ಐದು ನಿಮಿಷ ಸುಮ್ಮನೆ ಕೂತು ನೋಡಿ. ಇದು ಗುರುತು ಹಿಡಿಯುವುದಕ್ಕಲ್ಲ. ನಿಮ್ಮ ಬೀಜ ಯಾಕೆ ಹುಟ್ಟಲಿಲ್ಲ ಅನ್ನುವುದರ ಅರ್ಧ ಉತ್ತರ ಅಲ್ಲಿದೆ.


ಗುಡ್ಡೆಮನೆ, ಬಾಯಾರು
ಡಿಸೆಂಬರ್ 14

ಮಾಸ್ಟ್ರೇ, ನಿನ್ನೆ ಇಡೀ ದಿನ ಇದೇ ಕೆಲಸ. ಮಗಳು ಒಂಬತ್ತನೇ ಕ್ಲಾಸು. ಶಾಲೆಯಿಂದ ಲೆನ್ಸ್ ಕೇಳಿ ತಂದಳು. ಬೆಳಗ್ಗೆ ಇಬ್ಬರೂ ಗುಡ್ಡೆ ಹತ್ತಿದೆವು. ಅವಳು ಬರೆದುಕೊಂಡದ್ದನ್ನೇ ನೋಡಿ ಇಲ್ಲಿ ಹಾಕುತ್ತಿದ್ದೇನೆ.

ಅಡ್ಡ ಗಡ್ಡೆ ಇಲ್ಲ. ತೆಂಡೆಗಳೆಲ್ಲ ಒಂದೇ ಕಡೆ ಒತ್ತಾಗಿ ಎದ್ದಿವೆ. ಅಂಗೈ ಅಗಲದ ಒಂದು ಬುಡದಲ್ಲಿ 34 ತೆಂಡೆ ಎಣಿಸಿದೆವು. ಬೇರು ಸಣ್ಣ ಸಣ್ಣ ನಾರು, ಮುರಕಲ್ಲಿನ ಎಡೆಗೆಲ್ಲ ಇಳಿದಿದೆ. ಅಗೆಯಲಿಕ್ಕೆ ಹಾರೆಯೇ ಬೇಕಾಯಿತು. ದಂಟಿನ ಬುಡ ಚಪ್ಪಟೆ. ಕವಚ ಮಡಚಿದ ಕಾಗದದ ಹಾಗೆ, ಹಿಂಬದಿಯಲ್ಲಿ ದೋಣಿಯ ತಳದಂಥ ಏಣು. ನಾಲಗೆ ತುಂಬ ಗಿಡ್ಡ. ಸ್ಕೇಲು ಹಿಡಿದರೆ ಎರಡು ಮಿಲಿಮೀಟರು ಸಹ ಇಲ್ಲ, ಅಂಚು ಹರಿದ ಹಾಗಿದೆ. ಪರಿಮಳ ಇಲ್ಲ, ಬರೀ ಹಸಿ ಹುಲ್ಲಿನ ವಾಸನೆ.

ಇನ್ನು ತೆನೆ. ಇದನ್ನು ಬಿಡಿಸುವಾಗ ನನಗೆ ನಿಜವಾಗಿಯೂ ಮೈ ಜುಂ ಅಂದಿತು. ಐವತ್ತು ವರ್ಷ ಇದರ ಮೇಲೆಯೇ ನಡೆದಿದ್ದೇನೆ, ಒಮ್ಮೆಯೂ ಒಳಗೆ ಇಣುಕಿ ನೋಡಿಲ್ಲ. ಗೊಂಚಲಿನ ಒಂದೊಂದು ಕಟ್ಟಿಗೂ ಹೊರಗೆ ನಾಲ್ಕು ಕಿರುತೆನೆ. ನಾಲ್ಕೂ ಒಂದೇ ಮಟ್ಟದಿಂದ ಹೊರಟು ಗೋಡೆ ಕಟ್ಟಿದ ಹಾಗೆ ನಿಂತಿವೆ. ಊಬು ಅವುಗಳಿಗೆ ಇಲ್ಲ. ಆ ನಾಲ್ಕರ ನಡುವೆ ಒಂದೇ ಒಂದು ಗಟ್ಟಿ ಕಾಳಿನಂಥದ್ದು ಇದೆ. ಊಬು ಅದಕ್ಕೆ ಮಾತ್ರ. ಅಳೆದದ್ದು ಐದು ಸೆಂಟಿಮೀಟರು, ನಡುವೆ ಮೊಣಕೈಯ ಹಾಗೆ ಬಾಗಿದೆ. ಕಾಳಿನ ಕೆಳತುದಿ ಸೂಜಿಯಷ್ಟು ಚೂಪು. ಸುತ್ತ ಕಂದು ರೋಮ, ಎಲ್ಲವೂ ಮೇಲ್ಮುಖ. ಕಾಳಿನ ಪಕ್ಕ ತೊಟ್ಟಿರುವ ಎರಡು ಸಣ್ಣ ಕಿರುತೆನೆಗಳೂ ಇವೆ.

ಜಡೆ ಊಬಿನದ್ದು ಬೇರೆಯೇ ಥರ. ಒಂಟಿ ತೆನೆ. ಕೆಳಗಿನ ಅರ್ಧದಲ್ಲಿ ಊಬೇ ಇಲ್ಲ, ಹಸಿರು ಚಾಪೆಯ ಹಾಗೆ ಒಂದರ ಮೇಲೊಂದು. ಮೇಲಿನ ಅರ್ಧದಲ್ಲಿ ಮಾತ್ರ ಕರಿ ಊಬು.

ಆಮೇಲೆ ಅಂಗೈ ಒದ್ದೆ ಮಾಡಿ ಊಬು ಇಟ್ಟೆವು. ಮೊದಲು ಏನೂ ಆಗಲಿಲ್ಲ. ಒಂದು ನಿಮಿಷ ಕಳೆದ ಮೇಲೆ ಅದು ತಿರುಗಿತು! ಗಡಿಯಾರದ ಮುಳ್ಳಿನ ಹಾಗೆ ಮೆಲ್ಲಗೆ ಒಂದು ಸುತ್ತು, ಮತ್ತೆ ಇನ್ನೊಂದು. ಮಗಳು ಕಿರುಚಿದ್ದು ಕೇಳಿ ಅಮ್ಮ ಅಡಿಗೆಮನೆಯಿಂದ ಓಡಿ ಬಂದರು. ಅದನ್ನೇ ಬಿಸಿಲಿಗೆ ಹಿಡಿದರೆ ತಿರುಗಿ ಮೊದಲಿನ ಹಾಗೆ ಹುರಿಗಟ್ಟಿತು. ಸಂಜೆವರೆಗೆ ಮನೆಯವರೆಲ್ಲ ಅಂಗೈ ಒದ್ದೆ ಮಾಡಿಕೊಂಡು ಅದನ್ನೇ ನೋಡಿದ್ದು.


ನಿವೃತ್ತ ಮಾಸ್ಟ್ರು, ಕುಂಬಳೆ
ಡಿಸೆಂಬರ್ 15

ಬಹಳ ಚೆನ್ನಾಗಿ ನೋಡಿದ್ದೀರಿ. ಮಗಳಿಗೆ ನನ್ನ ಮೆಚ್ಚುಗೆ ಹೇಳಿ. ಈಗ ಹೆಸರು ಹೇಳಬಹುದು.

ನಿಮ್ಮ ಕೆಂಪು ಮುಳಿ ಥೀಮೆಡಾ ಟ್ರೈಯಾಂಡ್ರಾ. ನಾಲ್ಕು ಊಬಿಲ್ಲದ ಕಿರುತೆನೆ ಒಂದೇ ಮಟ್ಟದಲ್ಲಿ ನಿಂತು ನಡುವಿನ ಒಂದು ಫಲದ ಕಿರುತೆನೆಯನ್ನು ಸುತ್ತುವುದು ಅದರ ಚಹರೆ. ಜಡೆ ಊಬಿನದ್ದು ಹೆಟೆರೋಪೋಗಾನ್ ಕಾಂಟಾರ್ಟಸ್. ಕಾಂಟಾರ್ಟಸ್ ಅಂದರೆ ತಿರುಚಿದ್ದು. ನೀವು ಹೇಳಿದ ಜಡೆಯೇ ಆ ಹೆಸರಿಗೆ ಕಾರಣ. ಹವಾಯಿ ದ್ವೀಪದವರು ಹಿಂದೆ ಮನೆಗೆ ಹೊದೆಸುತ್ತಿದ್ದದ್ದು ಇದನ್ನೇ. ಹಾಗಾಗಿ ನಿಮ್ಮ ಗುಡ್ಡೆಯಲ್ಲಿ ಮುಳಿ ಅನ್ನುವುದು ಒಂದು ಜಾತಿಯ ಹೆಸರಲ್ಲ. ಮಾಡಿಗೆ ಆಗುವ ಹುಲ್ಲಿಗೆಲ್ಲ ಇಟ್ಟ ಹೆಸರು. ಎರಡೂ ಒಂದೇ ಬಳಗದವು. ಕಬ್ಬು, ಬಿಳಿಜೋಳ, ಮುಸುಕಿನ ಜೋಳ, ಲಾವಂಚ, ಅಕ್ಕ ಹೇಳಿದ ಮಜ್ಜಿಗೆ ಹುಲ್ಲು ಸಹ ಇದೇ ಬಳಗ.

ಥೀಮೆಡಾ ಅನ್ನುವ ಹೆಸರು ಬಂದದ್ದು ಅರಬ್ಬಿಯಿಂದ. ಪೀಟರ್ ಫೋರ್ಸ್ಕಾಲ್ ಅನ್ನುವ ಸಸ್ಯಶಾಸ್ತ್ರಿ ಯೆಮೆನ್ ದೇಶದಲ್ಲಿ ಈ ಹುಲ್ಲನ್ನು ಕಂಡರು. ಗಿಡಗಳಿಗೆ ಎರಡು ಪದದ ಹೆಸರಿಡುವ ಪದ್ಧತಿ ತಂದ ಲಿನೇಯಸ್ ಅವರ ಶಿಷ್ಯ. 1763ರಲ್ಲಿ ಅಲ್ಲೇ ಮಲೇರಿಯಾದಿಂದ ತೀರಿಕೊಂಡರು. ಅವರು ಬರೆದಿಟ್ಟದ್ದು ಅಚ್ಚಾದದ್ದು 1775ರಲ್ಲಿ. ಟ್ರೈಯಾಂಡ್ರಾ ಅಂದರೆ ಮೂರು ಕೇಸರ. ಆಫ್ರಿಕಾದಿಂದ ಆಸ್ಟ್ರೇಲಿಯಾದವರೆಗೆ ಈ ಹುಲ್ಲು ಇದೆ. ದಕ್ಷಿಣ ಆಫ್ರಿಕಾದಲ್ಲಿ ಇದನ್ನು ಕರೆಯುವ ಹೆಸರು ರೋಯ್‌ಗ್ರಾಸ್. ಅದರ ಅರ್ಥ ಕೆಂಪು ಹುಲ್ಲು. ನೀರ್ಚಾಲಿನ ಅಕ್ಕನ ಮನೆಯವರು ಕೆಂಪು ಮುಳಿ ಅಂದದ್ದು, ಅಷ್ಟು ದೂರದ ಜನ ಕೆಂಪು ಹುಲ್ಲು ಅಂದದ್ದು ನೋಡಿ ನನಗೆ ತುಂಬ ಖುಷಿಯಾಯಿತು.

ಈಗ ನಿಮ್ಮ ನಿಜವಾದ ಪ್ರಶ್ನೆ. ಇದು ವರ್ಷವರ್ಷ ಅದೇ ಬುಡದಿಂದ ಏಳುವ ಹುಲ್ಲು. ಅದರ ಜೀವ ತುದಿಯಲ್ಲಿ ಇಲ್ಲ. ಹೊಸ ತೆಂಡೆ ಹುಟ್ಟುವ ಮೊಗ್ಗುಗಳು ನೆಲಮಟ್ಟದಲ್ಲಿ, ಹಳೆಯ ಕವಚಗಳ ಒಳಗೆ ಅಡಗಿರುತ್ತವೆ. ಒಣ ಹುಲ್ಲಿನ ಬೆಂಕಿ ಬೇಗ ಹಾದು ಹೋಗುತ್ತದೆ, ಮೊಗ್ಗಿಗೆ ತಾಗುವುದಿಲ್ಲ. ಗರಿ ಬೆಳೆಯುವ ಜಾಗವೂ ಗರಿಯ ಬುಡದಲ್ಲೇ ಇರುವುದರಿಂದ ದನ ಮೇಯ್ದರೂ, ಕತ್ತಿ ಹಾಕಿದರೂ ಅದು ಕೆಳಗಿನಿಂದ ಮತ್ತೆ ನೀಳವಾಗುತ್ತದೆ.

ಆದರೆ ಆ ಮೊಗ್ಗಿಗೆ ಬೆಳಕು ಬೇಕು. ಇದು ಸುಡು ಬಿಸಿಲಿಗೆ ಹೇಳಿ ಮಾಡಿಸಿದ ಹುಲ್ಲು. ಬಿಸಿಲು ಜಾಸ್ತಿ ಆದಷ್ಟು ಕಡಿಮೆ ನೀರಿನಲ್ಲಿ ಹೆಚ್ಚು ಬೆಳೆಯುವ ಬಗೆ. ನೆರಳು ಮಾತ್ರ ಇದಕ್ಕೆ ಆಗುವುದಿಲ್ಲ. ಕೊಯ್ಯದೆ, ಸುಡದೆ, ಮೇಯಿಸದೆ ಬಿಟ್ಟರೆ ಹಳೆಯ ಗರಿ ಕೊಳೆಯದೆ ಬುಡದ ಮೇಲೆ ಒಟ್ಟಾಗುತ್ತದೆ. ಸ್ವಂತ ನೆರಳೇ ಅದನ್ನು ಉಸಿರುಗಟ್ಟಿಸುತ್ತದೆ. ಮೊದಲು ಸಾಯುವುದು ನಡುವಿನ ತೆಂಡೆಗಳು. ನೀವು ಕಂಡ ಬಳೆ ಅದೇ. ಆಸ್ಟ್ರೇಲಿಯಾದಲ್ಲಿ ಹತ್ತಕ್ಕೂ ಹೆಚ್ಚು ವರ್ಷ ಬೆಂಕಿಯೂ ತಾಗದೆ ಬಿಟ್ಟ ಥೀಮೆಡಾ ಬಯಲುಗಳಲ್ಲಿ ಬುಡಗಳು ಹೀಗೇ ಕುಸಿದದ್ದನ್ನು ದಾಖಲಿಸಿದ್ದಾರೆ. ನಿಮ್ಮ ತಂದೆಯವರು ಗುಡ್ಡೆಯನ್ನು ಗೇರು, ರಬ್ಬರಿನಿಂದ ಕಾಪಾಡಿದರು. ಅದು ದೊಡ್ಡ ಕೆಲಸ. ಆದರೆ ಮುಳಿಗುಡ್ಡೆ ಮುಳಿಗುಡ್ಡೆಯಾಗಿ ಉಳಿದದ್ದು ವರ್ಷವರ್ಷ ಕತ್ತಿ ಬಿದ್ದದ್ದರಿಂದ. ಅಕ್ಕನ ಮೂಲೆ ಸೊರಗಿದ್ದೂ ಇದಕ್ಕೇ.

ಹಾಗಂತ ಬೆಂಕಿ ಹಾಕಬೇಡಿ. ದಯವಿಟ್ಟು. ಪಕ್ಕದಲ್ಲಿ ಬೇರೆಯವರ ಗೇರು ತೋಟ ಇದೆ. ನೆಲದಲ್ಲಿ ಗೂಡು ಕಟ್ಟುವ ಹಕ್ಕಿಗಳಿವೆ. ನಮ್ಮಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಜಾಸ್ತಿ ಮಳೆ. ಸುಟ್ಟು ಬೋಳಾದ ಇಳಿಜಾರಿನ ಮೇಲೆ ಅದು ಬಿದ್ದರೆ ಇರುವ ಎರಡು ಇಂಚು ಮಣ್ಣೂ ತೋಡಿಗೆ ಹೋಗುತ್ತದೆ. ಬುಡಕ್ಕೆ ಬೆಳಕು ಬಿಡುವ ಕೆಲಸವನ್ನು ಕತ್ತಿಯೇ ಮಾಡುತ್ತದೆ. ಗುಡ್ಡೆಯನ್ನು ಎರಡು ಪಾಲು ಮಾಡಿ ಈ ವರ್ಷ ಒಂದು, ಬರುವ ವರ್ಷ ಇನ್ನೊಂದು ಕೊಯ್ಯಿರಿ. ಸತ್ತ ಕಸವನ್ನು ಬುಡದಿಂದ ಕೈಯಲ್ಲಿ ಎಳೆದು ತೆಗೆಯಿರಿ. ಕಮ್ಯುನಿಸ್ಟ್ ಗಿಡವನ್ನು ಹೂ ಬಿಡುವ ಮೊದಲು ಬೇರು ಸಮೇತ ಕೀಳಬೇಕು.

ಬೀಜದ ವಿಷಯ. ನೀವೇ ನೋಡಿದ ಹಾಗೆ ಅಷ್ಟು ದೊಡ್ಡ ಗೊಂಚಲಿನ ಒಂದು ಕಟ್ಟಿಗೆ ಒಂದೇ ಕಾಳು. ಅದರಲ್ಲೂ ಕೆಲವು ಪೊಳ್ಳು. ಗೋಣಿ ತುಂಬ ಇದ್ದದ್ದು ಹೆಚ್ಚು ಹೊಟ್ಟು. ಇನ್ನೊಂದು, ಊಬು ತಿರುಗುವುದು ಆಟಕ್ಕಲ್ಲ. ರಾತ್ರಿ ಇಬ್ಬನಿಗೆ ಬಿಚ್ಚಿ, ಹಗಲು ಬಿಸಿಲಿಗೆ ಹುರಿಗಟ್ಟಿ, ಹೀಗೆ ದಿನ ದಿನ ತಿರುಗುತ್ತಾ ಬೈರಿಗೆಯ ಹಾಗೆ ಕಾಳನ್ನು ಮಣ್ಣಿನ ಬಿರುಕಿಗೆ ಇಳಿಸುತ್ತದೆ. ಮೇಲ್ಮುಖದ ರೋಮ ಅದನ್ನು ಹಿಂದಕ್ಕೆ ಬರಲು ಬಿಡುವುದಿಲ್ಲ. ಈ ಕೆಲಸಕ್ಕೆ ಡಿಸೆಂಬರಿನಿಂದ ಮೇ ತನಕ ಸಮಯ ಬೇಕು. ನೀವು ಜೂನಿನ ಮಳೆಗೆ ಚೆಲ್ಲಿದಿರಿ. ಅದು ಇಳಿಯುವ ಮೊದಲೇ ಕೊಚ್ಚಿ ಹೋಗಿರಬೇಕು. ಮೂರನೆಯದು, ಹೊಸ ಬೀಜ ನಿದ್ದೆಯಲ್ಲಿರುತ್ತದೆ. ಎಷ್ಟೋ ಬೀಜ ಒಂದು ವರ್ಷದವರೆಗೆ ಮೊಳೆಯುವುದಿಲ್ಲ. ಹೊಗೆ ತಾಗಿದರೆ ಆ ನಿದ್ದೆ ಬೇಗ ಬಿಡುತ್ತದೆ ಅಂತ ಪ್ರಯೋಗಗಳಲ್ಲಿ ಕಂಡಿದೆ.

ಅವಸರ ಇದ್ದರೆ ಬೀಜಕ್ಕಿಂತ ಬುಡ ಒಡೆದು ನೆಡುವುದು ಒಳ್ಳೆಯದು. ಜೂನಿನಲ್ಲಿ ಮಳೆ ಹಿಡಿದ ಮೇಲೆ, ನಾಲ್ಕೈದು ತೆಂಡೆಯ ತುಂಡು, ಗರಿಯನ್ನು ಗೇಣುದ್ದಕ್ಕೆ ಕತ್ತರಿಸಿ. ರಸ್ತೆ ಬದಿಯ ದಟ್ಟ ಬುಡಗಳಿಂದಲೇ ತೆಗೆಯಿರಿ.


ಊಟಿಯ ಬಡಗ
ಡಿಸೆಂಬರ್ 15

ಮಾತೃಭಾಷೆ ಬಡಗ. ಕನ್ನಡ ಓದಿ ಕಲಿತವನು. ನಮ್ಮ ಕಡೆಯದ್ದು ಎರಡು ಮಾತು ಹೇಳಬೇಕು ಅನ್ನಿಸಿತು.

ನೀಲಗಿರಿಯ ಮೇಲೆ ನಮ್ಮ ಹುಲ್ಲುಗಾವಲಿನಲ್ಲೂ ಥೀಮೆಡಾ ಇದೆ. ಡಿಸೆಂಬರ್, ಜನವರಿಯಲ್ಲಿ ನಮಗೆ ಹಿಮ ಬೀಳುತ್ತದೆ. ಬೆಳಗ್ಗೆ ಗರಿಯೆಲ್ಲ ಉಪ್ಪು ಎರಚಿದ ಹಾಗೆ ಬಿಳಿ. ಶೋಲೆ ಕಾಡಿನ (ಬೆಟ್ಟದ ಕಣಿವೆಗಳಲ್ಲಿರುವ ನಿತ್ಯಹಸಿರು ಕಾಡಿನ) ಮರದ ಸಸಿ ಬಯಲಿನಲ್ಲಿ ಹುಟ್ಟಿದರೆ ಆ ಹಿಮಕ್ಕೆ ಕರಕಲಾಗುತ್ತದೆ. ಹುಲ್ಲಿಗೆ ಏನೂ ಆಗುವುದಿಲ್ಲ. ಮಾಸ್ಟ್ರು ಹೇಳಿದ ಕಾರಣವೇ ಇರಬೇಕು, ಮೊಗ್ಗು ನೆಲದಲ್ಲಿ ಬೆಚ್ಚಗೆ ಕೂತಿರುತ್ತದೆ.

ನಮ್ಮ ನೆರೆಯ ತೋಡರು ತಮ್ಮ ಗುಡಿಗಳಿಗೆ ಇವತ್ತಿಗೂ ಹುಲ್ಲೇ ಹೊದೆಸುತ್ತಾರೆ. ಅದು ಥೀಮೆಡಾ ಅಲ್ಲ, ಒದ್ದೆ ಜಾಗದಲ್ಲಿ ಬೆಳೆಯುವ ಬೇರೆ ಹುಲ್ಲು. ಅದು ಸಿಗುವ ಜಾಗ ಕಡಿಮೆಯಾಗಿ ಅವರು ಈಗ ದೂರ ಹೋಗಿ ತರಬೇಕಾಗಿದೆ. ಬ್ರಿಟಿಷರು ಹುಲ್ಲುಗಾವಲನ್ನು ಪಾಳು ಅಂದುಕೊಂಡು ಆಸ್ಟ್ರೇಲಿಯಾದ ವಾಟಲ್, ನೀಲಗಿರಿ ಮರ ನೆಟ್ಟರು. ವಾಟಲ್ ತಾನಾಗಿಯೇ ಹಬ್ಬುತ್ತಾ ಬಂತು. ಈಗ ಅದನ್ನು ಕಡಿದು ಹುಲ್ಲು ಮತ್ತೆ ತರುವ ಕೆಲಸ ನಡೆಯುತ್ತಿದೆ. ನರ್ಸರಿಯಲ್ಲಿ ಹುಲ್ಲಿನ ಸಸಿ ಮಾಡಿ ಒಂದೊಂದಾಗಿ ನೆಡುತ್ತಾರೆ. ನಾನೂ ಒಂದು ಮಳೆಗಾಲ ಆ ಕೆಲಸಕ್ಕೆ ಹೋಗಿದ್ದೆ. ಬೆನ್ನು ಮುರಿಯುತ್ತದೆ. ಎರಡು ಎಕರೆ ಹಳೆಯ ಹುಲ್ಲು ಇನ್ನೂ ಬುಡ ಸಮೇತ ನಿಮ್ಮ ಕೈಯಲ್ಲಿ ಇದೆ ಅಣ್ಣ. ಅದನ್ನು ಕೋರೆಗೆ ಕೊಡದೆ ಇಟ್ಟದ್ದಕ್ಕೆ ದೊಡ್ಡ ನಮಸ್ಕಾರ.


ಗುಡ್ಡೆಮನೆ, ಬಾಯಾರು
ಜುಲೈ 19

ಎಲ್ಲರಿಗೂ ನಮಸ್ಕಾರ. ಏಳು ತಿಂಗಳ ಮೇಲೆ ಬರೆಯುತ್ತಿದ್ದೇನೆ. ಹೊರಗೆ ಮಳೆ ಜಡಿಯುತ್ತಿದೆ.

ಮಕರ ಸಂಕ್ರಮಣ ಕಳೆದ ಮೇಲೆ, ಊಬು ಉದುರಿದ್ದನ್ನು ನೋಡಿ, ಅರ್ಧ ಗುಡ್ಡೆ ಕೊಯ್ದೆವು. ನಾನು, ಹೆಂಡತಿ, ಇಬ್ಬರು ಆಳುಗಳು. ಆರು ದಿನ ಹಿಡಿಯಿತು. ಅಕ್ಕ ಹೇಳಿದ ಹಾಗೆ ಇಬ್ಬನಿಯಲ್ಲೇ ಹೋದದ್ದು. ಆದರೂ ಕೈಯೆಲ್ಲ ಗೀರು. ಇಡೀ ಮಾಡಿಗೆ ಸಾಕಾಗಲಿಲ್ಲ. ದನಗಳು ನಿಲ್ಲುವ ಪಡುಬದಿಯ ಶೀಟು ತೆಗೆದು ಅಷ್ಟಕ್ಕೆ ಮಾತ್ರ ಹೊದೆಸಿದೆವು. ಪಡುವಣ ಬಿಸಿಲು ಬೀಳುವುದು ಅಲ್ಲಿಗೇ. ಏಪ್ರಿಲಿನಲ್ಲಿ ಮಧ್ಯಾಹ್ನ ನಾಲ್ಕೂ ದನಗಳು ಶೀಟಿನ ಭಾಗ ಬಿಟ್ಟು ಮುಳಿಯ ಅಡಿಗೇ ಬಂದು ಮಲಗುತ್ತಿದ್ದವು.

ನೆತ್ತಿಯ ಸತ್ತ ಬುಡಗಳ ಕಸ ಕಿತ್ತು ತೆಗೆದ ಕಡೆ, ಜೂನಿನ ಎರಡನೇ ವಾರ ಬಳೆಯ ಒಳಬದಿಯಿಂದಲೇ ಹೊಸ ತೆಂಡೆ ಎದ್ದಿದೆ. ಎಲ್ಲದರಲ್ಲೂ ಅಲ್ಲ. ಕೆಲವು ಬುಡ ಪೂರ್ತಿ ಹೋಗಿವೆ. ಅಲ್ಲಿ ರಸ್ತೆ ಬದಿಯಿಂದ ಒಡೆದು ತಂದ 60 ತುಂಡು ನೆಟ್ಟೆವು. ಇವತ್ತು ಬೆಳಗ್ಗೆ ಕೊಡೆ ಹಿಡಿದು ಎಣಿಸಿ ಬಂದೆ, 47 ಹಿಡಿದಿವೆ.

ಬೀಜದ ಕಥೆಯೂ ಹೇಳಬೇಕು. ಬಿತ್ತಿ ಉಳಿದ ಅರ್ಧ ಗೋಣಿ ಬಚ್ಚಲಿನ ಅಟ್ಟದಲ್ಲಿ ಬಿದ್ದಿತ್ತು. ಕೆಳಗೆ ಹಂಡೆಯ ಒಲೆ. ಒಂದೂವರೆ ವರ್ಷ ದಿನಾ ಎರಡು ಹೊತ್ತು ಹೊಗೆ ತಾಗಿದೆ. ಮಾಸ್ಟ್ರು ಬರೆದದ್ದು ಓದಿದ ಮೇಲೆಯೇ ನನಗೆ ಅದು ನೆನಪಾದದ್ದು. ಮಗಳು ಗಟ್ಟಿ ಕಾಳು ನೂರು ಆರಿಸಿದಳು. ಹೋದ ಡಿಸೆಂಬರಿನ ಹೊಸ ಕಾಳೂ ನೂರು. ಎರಡು ಹಳೆಯ ಟ್ರೇಯಲ್ಲಿ ಮುರಮಣ್ಣು ತುಂಬಿ, ಒಂದೊಂದೇ ಕಾಳನ್ನು ಊಬು ಮೇಲೆ ಮಾಡಿ ಚುಚ್ಚಿ ಜಗಲಿಯ ಅಂಚಿನಲ್ಲಿ ಇಟ್ಟಳು. ಹೊಸ ಕಾಳಿನ ಟ್ರೇಯಲ್ಲಿ ಎರಡು ಮೊಳಕೆ. ಬಚ್ಚಲಿನ ಅಟ್ಟದ ಕಾಳಿನ ಟ್ರೇಯಲ್ಲಿ 31.

ಮಾಸ್ಟ್ರೇ, ಮೊಳಕೆ ಈಗ ಬೆರಳುದ್ದ ಆಗಿದೆ. ಮುಳಿಯೇ ಹೌದಾ ಅಂತ ನನಗೆ ಸಂಶಯ ಇತ್ತು. ಮಗಳು ಒಂದರ ಬುಡವನ್ನು ಎರಡು ಬೆರಳಲ್ಲಿ ಹಿಡಿದು ನೋಡಿ "ಚಪ್ಪಟೆ ಇದೆ ಅಪ್ಪಾ" ಅಂದಳು. ಲೆನ್ಸ್ ಶಾಲೆಗೆ ವಾಪಸ್ ಕೊಟ್ಟಾಗಿದೆ. ಒಂದು ಹೊಸದು ತೆಗೆಯಬೇಕು. ಒಳ್ಳೆಯದು ಎಲ್ಲಿ ಸಿಗುತ್ತದೆ ಅಂತ ತಿಳಿಸುತ್ತೀರಾ?